ಆರು ತಿಂಗಳಿಂದ ಒಂದೂ ತಪ್ಪಿಲ್ಲ ಅಂದರೆ ಖುಷಿಪಡಬೇಕಾ?

ಪ್ರಶ್ನೆ: ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ ವಾರ್ಡ್ ಇನ್‌ಚಾರ್ಜ್. ನೈಟ್ ಡ್ಯೂಟಿಯಲ್ಲಿ ನಮ್ಮ ಸಿಸ್ಟರ್ ಒಬ್ಬರು ಇಂಜೆಕ್ಷನ್ ಕಲಸಲು ಡಿಸ್ಟಿಲ್ಡ್ ವಾಟರ್ ಬದಲು ಕೆಸಿಎಲ್ (ಪೊಟ್ಯಾಶಿಯಂ ಕ್ಲೋರೈಡ್ ಅನ್ನುವ ಔಷಧಿ) ಆಂಪೂಲ್, ಅಂದರೆ ಔಷಧಿಯ ಸಣ್ಣ ಬಾಟಲಿ, ಎತ್ತಿಕೊಂಡಿದ್ದರು. ಕೊಡುವ ಮೊದಲೇ ಗೊತ್ತಾಯಿತು, ರೋಗಿಗೆ ಏನೂ ಆಗಲಿಲ್ಲ. ಅವರೇ ರಿಪೋರ್ಟ್ ಬರೆದುಕೊಟ್ಟರು. ಮೆಮೊ ಬಂತು, ಸಂಬಳವೂ ಕಟ್ ಆಯಿತು. ಅಲ್ಲಿಂದ ಆರು ತಿಂಗಳು ಒಂದೂ ರಿಪೋರ್ಟ್ ಇಲ್ಲ. ಶಿಸ್ತು ಬಂದಿದೆ ಅಂತಾರೆ ಮ್ಯಾನೇಜ್‌ಮೆಂಟ್‌ನವರು. ನಿಜವೇ?

ಉತ್ತರ: ಶಿಸ್ತಲ್ಲ, ಹೆದರಿಕೆ ಬಂದಿದೆ ಸಿಸ್ಟರ್. ದಿನಾ ಅಷ್ಟೊಂದು ಡೋಸ್ ಕೊಡುವ ವಾರ್ಡಲ್ಲಿ ಆರು ತಿಂಗಳು ಒಂದೂ ಎಡವಟ್ಟಾಗಿಲ್ಲ ಅಂದರೆ ನಾನಂತೂ ನಂಬಲ್ಲ.

ಒಂದು ಮಾತು ಕೇಳುತ್ತೇನೆ. ಆ ಎರಡು ಆಂಪೂಲ್ ಈಗಲೂ ಒಂದೇ ಟ್ರೇಯಲ್ಲಿವೆಯಾ? ಎರಡೂ 10 ಎಂಎಲ್, ಎರಡರಲ್ಲೂ ನೀರಿನ ಹಾಗೆ ತಿಳಿಯಾದ ದ್ರವ, ರಾತ್ರಿ ಮಂದ ಬೆಳಕಲ್ಲಿ ಆ ಸಣ್ಣ ಅಕ್ಷರ ಓದುವುದೇ ಕಷ್ಟ. ಕೆಸಿಎಲ್ ಅನ್ನು ಡ್ರಿಪ್‌ಗೆ ಬೆರೆಸಿ ನಿಧಾನಕ್ಕೆ ಬಿಡಬೇಕು, ನೇರವಾಗಿ ನರಕ್ಕೆ ಕೊಟ್ಟರೆ ಹೃದಯವೇ ನಿಂತುಹೋಗಬಹುದು. ಸಂಬಳ ಕಟ್ ಮಾಡಿದ್ದಕ್ಕೆ ಟ್ರೇ ಬದಲಾಗಲಿಲ್ಲ, ಅಲ್ವಾ? ನಾಳೆ ಅದಕ್ಕೇ ಇನ್ನೊಬ್ಬರು ಕೈ ಹಾಕುತ್ತಾರೆ, ಅದೂ ಡಬಲ್ ಡ್ಯೂಟಿ ಮುಗಿಯುವ ಹೊತ್ತಿಗೆ.

1990ರ ದಶಕದಲ್ಲಿ ಅಮೆರಿಕದ ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ ವಾರ್ಡ್‌ಗಳಲ್ಲಿ ಔಷಧಿ ತಪ್ಪುಗಳ ಲೆಕ್ಕ ನೋಡಿದರು. ಒಳ್ಳೆಯ ಇನ್‌ಚಾರ್ಜ್ ಇದ್ದ ಕಡೆಯೇ ತಪ್ಪುಗಳು ಜಾಸ್ತಿ ಕಂಡವು! ಅಲ್ಲಿನ ನರ್ಸ್‌ಗಳು ಹೆದರದೆ ಹೇಳುತ್ತಿದ್ದರು, ಅಷ್ಟೇ.

ರೋಸ್ಟರ್ ಕೂಡ ನೋಡಿ. 2002ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾದ ಅಧ್ಯಯನವೊಂದರಲ್ಲಿ, ಒಬ್ಬ ನರ್ಸ್ ನೋಡಿಕೊಳ್ಳುವವರಲ್ಲಿ ಒಬ್ಬ ರೋಗಿ ಹೆಚ್ಚಾದರೆ ಸಾಕು, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚಿತ್ತು. ಆ ರಾತ್ರಿ ನಿಮ್ಮ ಸಿಸ್ಟರ್ ಕೈಯಲ್ಲಿ ಎಷ್ಟು ಜನ ಇದ್ದರು? ಮೆಮೊದಲ್ಲಿ ಅದನ್ನು ಯಾರೂ ಬರೆದಿರಲಿಕ್ಕಿಲ್ಲ.

ಕುಡಿದು ಡ್ಯೂಟಿಗೆ ಬಂದವರನ್ನು, ಬೇಕಂತಲೇ ಉಡಾಫೆ ಮಾಡುವವರನ್ನು ಸುಮ್ನೆ ಬಿಡಿ ಅಂತ ಹೇಳುತ್ತಿಲ್ಲ. ಇದು ಆ ಜಾತಿಯ ತಪ್ಪಲ್ಲ.

ಮೊದಲು ಕೆಸಿಎಲ್ ಅನ್ನು ವಾರ್ಡ್ ಟ್ರೇಯಿಂದ ತೆಗೆಸಿ, ಫಾರ್ಮಸಿಯಲ್ಲೇ ಇಡಿಸಿ. ಆಗದಿದ್ದರೆ ಬೇರೆ ಕಪಾಟು, ಬೀಗ, ದೊಡ್ಡ ಕೆಂಪು ಲೇಬಲ್, ಬೆರೆಸುವಾಗ ಇಬ್ಬರು ನೋಡಬೇಕು. ಶಿಫ್ಟ್ ಬದಲಾಗುವಾಗ 'ಇವತ್ತು ಎಲ್ಲಿ ಕೈ ತಪ್ಪುವ ಹಾಗಿತ್ತು?' ಅಂತ ನೀವೇ ಕೇಳಿ. ಮೊದಲು ನಿಮ್ಮದೇ ಒಂದು ಹೇಳಿಕೊಳ್ಳಿ, ಇಲ್ಲದಿದ್ದರೆ ಯಾರೂ ಬಾಯಿ ಬಿಡಲ್ಲ. ಆ ಸಂಬಳ ವಾಪಸ್ ಕೊಡಿಸಲು ಸೂಪರಿಂಟೆಂಡೆಂಟ್ ಹತ್ತಿರ ಮಾತಾಡಿ. ಆ ಸಿಸ್ಟರ್ ಇನ್ನೂ ನಿಮ್ಮಲ್ಲೇ ಇದ್ದರೆ, ಟ್ರೇ ಸರಿಮಾಡುವ ಕೆಲಸಕ್ಕೆ ಅವರನ್ನೇ ಜೊತೆಗೆ ಕರೆದುಕೊಳ್ಳಿ.