ತಡಿಯಂಡಮೋಳ್ ಹತ್ತಿದ ಅನುಭವ ಕಾಶ್ಮೀರದ ಸರೋವರಗಳ ಟ್ರೆಕ್‌ಗೆ ಸಾಕಾ?

ನಮ್ಮ ಕೊಡಗಿನ ತಡಿಯಂಡಮೋಳ್, ಕೋಟೆಬೆಟ್ಟ ಎಲ್ಲ ಒಬ್ಬರೇ ಹತ್ತಿದ್ದೀರಿ, ಕಾಶ್ಮೀರದ ಗ್ರೇಟ್ ಲೇಕ್ಸ್ ಟ್ರೆಕ್‌ಗೂ ಫೋನಿನ ಮ್ಯಾಪ್ ನಂಬಿ ಗೈಡ್ ಇಲ್ಲದೆ ಹೋಗಬಹುದಾ ಅಂತ ಕೇಳಿದ್ದೀರಿ. ನಾನೂ ಕೊಡಗಿನವನೇ, ಆ ದಾರಿ ನಡೆದಿದ್ದೇನೆ. ಗೈಡ್ ಬೇಕೇ ಬೇಕು. ಸೈನ್ಯದವರು ದಾರಿಯಲ್ಲಿ ಗುರುತಿನ ಚೀಟಿ ನೋಡುವ ಗಡಿ ಪ್ರದೇಶ ಅದು. ಆದರೆ ಗೈಡ್ ಇದ್ದರೂ ದಾರಿ ನಿಮಗೂ ಗೊತ್ತಿರಬೇಕು, ಯಾಕೆ ಅಂತ ಹೇಳ್ತೀನಿ.

ದಾರಿ ತಪ್ಪಿದರೆ ತೋಡು (ಸಣ್ಣ ಹಳ್ಳ) ಹಿಡಿದು ಇಳಿ ಅಂತ ನಮ್ಮ ಕಡೆ ಹೇಳುತ್ತಾರೆ ಅಲ್ವಾ? ಇಲ್ಲಿ ಇಳಿದರೆ ಒಂದು ಗದ್ದೆಯೋ, ಕಾಫಿ ತೋಟದ ಲೈನ್‌ಮನೆಯೋ ಸಿಗುತ್ತದೆ. ಅಲ್ಲಿ ಈ ಮಾತು ಅಪಾಯ. ಸೋನಮರ್ಗ್ ಕಡೆಯಿಂದ ಹೊರಟು ನಿಚ್ನಾಯ್ ಪಾಸ್ (ಪಾಸ್ ಅಂದರೆ ಬೆಟ್ಟಸಾಲು ದಾಟುವ ಎತ್ತರದ ದಾರಿ) ದಾಟಿದಿರಿ ಅಂದರೆ ನೀರಿನ ದಿಕ್ಕೇ ಬದಲಾಗುತ್ತದೆ. ಕಿಶನ್‌ಸರ್ ಸರೋವರದ ನೀರು ವಿಶನ್‌ಸರ್ ಸರೋವರಕ್ಕೆ ಬೀಳುತ್ತದೆ, ಅಲ್ಲಿಂದ ಕಿಶನ್‌ಗಂಗಾ ನದಿಗೆ. ಗಡ್‌ಸರ್ ಸರೋವರದ ನೀರೂ ಆ ಕಡೆಗೇ. ಆ ನದಿ ಗುರೇಜ್ ಕಣಿವೆ ಹಾದು ನಿಯಂತ್ರಣ ರೇಖೆ ದಾಟಿ ಹೋಗುತ್ತದೆ. ಮಂಜಿನಲ್ಲಿ ನೀರಿನ ಜೊತೆ ಇಳಿದರೆ ಟ್ರೆಕ್ ಮುಗಿಯುವ, ನೀವು ಮುಟ್ಟಬೇಕಾದ ನಾರಾನಾಗ್‌ನಿಂದ ದೂರವೇ ಆಗುತ್ತೀರಿ. ಕೊನೆಗೆ ಝಾಜ್ ಪಾಸ್ ದಾಟಿ ಗಂಗಾಬಲ್ ಸರೋವರಕ್ಕೆ ಬಂದ ಮೇಲೆ ಮಾತ್ರ ನೀರಿನ ದಿಕ್ಕೂ ನಿಮ್ಮ ದಿಕ್ಕೂ ಒಂದಾಗುತ್ತದೆ. ಗಂಗಾಬಲ್ ನೀರು ಪಕ್ಕದ ನುಂದ್‌ಕೋಲ್ ಸರೋವರಕ್ಕೆ, ಅಲ್ಲಿಂದ ವಾಂಗತ್ ನಾಲೆಯಾಗಿ ಸಿಂಧ್ ಹೊಳೆಗೆ. ಹೊರಡುವ ಮೊದಲು ಒಂದು ಕಾಗದದ ಮೇಲೆ ಬರೀ ಸರೋವರ, ಪಾಸ್, ನೀರಿನ ಬಾಣ, ಇಷ್ಟನ್ನೇ ನಿಮ್ಮ ಕೈಯಿಂದ ಬರೆದುಕೊಳ್ಳಿ. ಯಾವ ಆ್ಯಪ್‌ಗಿಂತಲೂ ಅದು ಜಾಸ್ತಿ ತಲೆಯಲ್ಲಿ ಉಳಿಯುತ್ತದೆ.

ಇನ್ನು ಕಾಲುದಾರಿ. ಹುಲ್ಲುಗಾವಲಿನ ತುಂಬ ಕುರಿ ನಡೆದ ಗೆರೆಗಳಿರುತ್ತವೆ. ಸಣ್ಣವು, ಇಳಿಜಾರಿನಲ್ಲಿ ಅಡ್ಡಡ್ಡ ಹೋಗುತ್ತವೆ, ಒಂದು ಎರಡಾಗಿ ಎರಡು ನಾಲ್ಕಾಗಿ ಸುಮ್ನೆ ಹುಲ್ಲಿನಲ್ಲಿ ಮುಗಿದುಹೋಗುತ್ತವೆ. ಸಾಮಾನು ಹೊರುವ ಕುದುರೆಗಳ ದಾರಿ ಬೇರೆ. ಅದು ಅಗಲ, ಮಣ್ಣು ಕೊರೆದಿರುತ್ತದೆ, ಲದ್ದಿ ಬಿದ್ದಿರುತ್ತದೆ, ಒದ್ದೆ ಮಣ್ಣಿನಲ್ಲಿ ಲಾಳದ ಅರ್ಧಚಂದ್ರ ಕಾಣುತ್ತದೆ. ಸ್ವಲ್ಪ ಹೊತ್ತು ಲಾಳದ ಗುರುತು ಕಾಣಲಿಲ್ಲ ಅಂದರೆ ನಿಂತು, ಕೊನೆಗೆ ಕಂಡ ಜಾಗಕ್ಕೆ ವಾಪಸ್ ಬನ್ನಿ.

ಪಾಸ್‌ಗಳನ್ನು ಬೆಳಗ್ಗೆಯೇ ದಾಟಿ, ಮಧ್ಯಾಹ್ನದ ಮೇಲೆ ಮೋಡ ಮುಚ್ಚುವುದು ಮಾಮೂಲು. ಗಡ್‌ಸರ್ ಪಾಸ್ ಸುಮಾರು 4,200 ಮೀಟರ್. ನಮ್ಮ ತಡಿಯಂಡಮೋಳ್ 1,748. ಗಡ್‌ಸರ್ ಪಾಸ್ ಮೇಲೆ ನಿಂತು ಹಿಂದೆ ತಿರುಗಿದರೆ ಕಿಶನ್‌ಸರ್, ವಿಶನ್‌ಸರ್ ಎರಡೂ ಒಟ್ಟಿಗೆ ಕಾಣುತ್ತವೆ. ಎಲ್ಲರೂ ಆ ಕಡೆ ಫೋಟೋ ತೆಗೆಯುತ್ತಾರೆ. ತೆಗೆಯಿರಿ, ಅಷ್ಟು ಚೆಂದ ಇದೆ. ಆಮೇಲೆ ಮುಂದಿನ ಕಣಿವೆಯದ್ದೂ ಒಂದು ತೆಗೆದು, ಹೋಗಬೇಕಾದ ದಿಕ್ಕನ್ನು ದಿಕ್ಸೂಚಿಯಲ್ಲಿ ನೋಡಿಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ಮಂಜು ಬಂದರೆ ಅದೇ ಆಸರೆ. ಅಷ್ಟು ಎತ್ತರದಲ್ಲಿ ತಲೆನೋವು, ವಾಂತಿ ಶುರುವಾದರೆ ಗೈಡ್‌ಗೆ ಮುಚ್ಚಿಡಬೇಡಿ.

ಫೋನಿನ ವಿಷಯ ಬೇಗ ಹೇಳಿಬಿಡುತ್ತೇನೆ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಮ್‌ಆ್ಯಂಡ್ ಆ್ಯಪ್‌ನಲ್ಲಿ ಆ ಪ್ರದೇಶದ ಮ್ಯಾಪ್ ಮನೆಯಲ್ಲೇ ಇಳಿಸಿಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಕೂರುತ್ತದೆ, ರಾತ್ರಿ ಫೋನು, ಪವರ್‌ಬ್ಯಾಂಕು ಎರಡೂ ಸ್ಲೀಪಿಂಗ್ ಬ್ಯಾಗ್ ಒಳಗೆ ಇರಲಿ. ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಮಾತ್ರ ಒಯ್ಯಬೇಡಿ. ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ.

ಅಭ್ಯಾಸಕ್ಕೆ ನಮ್ಮ ಬೆಟ್ಟಗಳೇ ಸಾಕು. ಮುಂದಿನ ಸಲ ತಡಿಯಂಡಮೋಳ್‌ಗೆ ಹೋದಾಗ ಮ್ಯಾಪ್ ನೋಡಿ, ಮುಂದಿನ ತಿರುವಿನಲ್ಲಿ ಏರು ಬರುತ್ತದಾ, ತೋಡು ಬರುತ್ತದಾ ಅಂತ ಮೊದಲೇ ಹೇಳಿಕೊಂಡು ನಡೆಯಿರಿ. ಹೇಳಿದ್ದು ತಪ್ಪಾದ ಕಡೆ ನಿಂತು ಮ್ಯಾಪ್ ಮತ್ತೆ ನೋಡಿ. ಕಾಶ್ಮೀರಕ್ಕೆ ನಮ್ಮ ಕೈಲ್ ಪೊಳ್ದ್ ಹಬ್ಬ ಮುಗಿಸಿಕೊಂಡು, ಸೆಪ್ಟೆಂಬರ್ ಮೊದಲ ಎರಡು ವಾರದೊಳಗೆ ಹೊರಡಿ. ಜುಲೈ ಶುರುವಿನಲ್ಲಿ ಪಾಸ್‌ಗಳ ಹತ್ತಿರ ಹಿಮ ಉಳಿದು ದಾರಿಯನ್ನು ಮುಚ್ಚಿರುತ್ತದೆ.