ನಿಮ್ಮ ಪ್ರಶ್ನೆ: ಪಿಎಚ್‌ಡಿಗೆ ನಾಟಕ ಕಟ್ಟುತ್ತಿದ್ದೇನೆ. ಇದು ಕಲೆ ಅಲ್ವಾ, ಸಂಶೋಧನೆಯಲ್ಲಿ ಭಾಗವಹಿಸುವವರಿಗೆ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿ ಯಾಕೆ ಬೇಕು?

ಸಂದರ್ಶನದ ಮಾತುಗಳಿಂದ ನಾಟಕ ಮಾಡುತ್ತೇನೆ ಅಂದಿದ್ದೀರಿ. ನಾನೂ ನನ್ನ ಗೈಡ್ ಹತ್ತಿರ ಇದನ್ನೇ ಕೇಳಿದ್ದೆ.

ನನ್ನದು ಧ್ವನಿಯ ಕಲಾಕೃತಿ. ಹಾಸಿಗೆ ಹಿಡಿದ ಅಪ್ಪ ಅಮ್ಮನನ್ನು ವರ್ಷಗಟ್ಟಲೆ ನೋಡಿಕೊಂಡವರ ಮಾತು ರೆಕಾರ್ಡ್ ಮಾಡಿ, ಕತ್ತಲೆ ಕೋಣೆಯಲ್ಲಿ ಕೇಳಿಸುವುದು. ಸಹಿ ಹಾಕಿಸಿಕೊಂಡಿದ್ದೆ, ಹೆಸರು ತೆಗೆದಿದ್ದೆ, ಕಮಿಟಿಯೂ ಒಪ್ಪಿತ್ತು. ಪ್ರದರ್ಶನಕ್ಕೆ ಒಬ್ಬ ಮಹಿಳೆ ತಮ್ಮ ಅಣ್ಣನ ಜೊತೆ ಬಂದರು. "ಅಮ್ಮ ಬೇಗ ಹೋಗಿಬಿಡಲಿ ಅಂತ ಬೇಡಿಕೊಂಡಿದ್ದೇನೆ" ಅಂತ ಅವರದೇ ದನಿ ಕೇಳಿಸಿತು. ಅಣ್ಣ ತಿರುಗಿ ತಂಗಿಯ ಮುಖ ನೋಡಿದರು.

ನಾನು ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಒಪ್ಪಿಗೆ ಪತ್ರದಲ್ಲಿ "ಸಂಶೋಧನೆಗೆ ಬಳಸಲಾಗುವುದು" ಅಂತಷ್ಟೇ ಇತ್ತು. ಅವರ ಪ್ರಕಾರ ಅದು ಲೈಬ್ರರಿಯಲ್ಲಿ ಕೂರುವ ದಪ್ಪ ಪುಸ್ತಕ. ಹೆಸರು ತೆಗೆದರೆ ಸಾಕು ಅಂದುಕೊಂಡೆ, ಆದರೆ ಮನೆಯವರಿಗೆ ದನಿಯೇ ಗುರುತು. ಎಲ್ಲಕ್ಕಿಂತ ಜಾಸ್ತಿ, ಆ ಸಾಲಿನ ಹಿಂದೆ ಮುಂದೆ ಅಮ್ಮ ನೋವಿನಿಂದ ನರಳುತ್ತಿದ್ದುದರ ಬಗ್ಗೆ ಅವರು ತುಂಬಾ ಹೊತ್ತು ಮಾತಾಡಿದ್ದರು. ನಾನು ಅದನ್ನೆಲ್ಲ ಕತ್ತರಿಸಿ, ಕೇಳುವವರ ಎದೆಗೆ ತಟ್ಟಲಿ ಅಂತ ಆ ಒಂದು ಸಾಲನ್ನು ಮಾತ್ರ ಉಳಿಸಿದೆ, ಎಡಿಟ್ ಆದ ಮೇಲೆ ಅವರಿಗೆ ಒಮ್ಮೆಯೂ ಕೇಳಿಸಲಿಲ್ಲ. ವಿಜ್ಞಾನದವರು ಹೀಗೆ ಮಾಡಿದರೆ ಅದನ್ನು ದತ್ತಾಂಶ ತಿರುಚುವುದು ಅನ್ನುತ್ತಾರೆ.

ಆ ಸಾಲು ತೆಗೆಯಿರಿ ಅಂತ ಆ ಮಹಿಳೆ ಅಂದರು, ತೆಗೆದೆ. ಇನ್ನು ಮುಂದುವರಿಯಲು ಆಗಲ್ಲ ಅನ್ನಿಸಿದರೆ ನಡುವೆಯೇ ನಿಲ್ಲಿಸುವ ಹಕ್ಕು 1947ರ ನ್ಯೂರೆಂಬರ್ ಸಂಹಿತೆಯಲ್ಲೇ ಇದೆ. ಅದು ವೈದ್ಯಕೀಯ ಪ್ರಯೋಗಗಳಿಗೆ ಬರೆದದ್ದು, ಆದರೂ ದನಿ ಕೊಟ್ಟವರಿಗೂ ಅದೇ ನ್ಯಾಯ. ಕೃತಿ ನಿಂತಿದ್ದೇ ಆ ಸಾಲಿನ ಮೇಲೆ. ಮತ್ತೆ ಮೊದಲಿಂದ ಕಟ್ಟಬೇಕಾಯಿತು, ಥೀಸಿಸ್ ತಡವಾಯಿತು.

ಹಾಗಾಗಿ "ಇದು ಕಲೆ ಅಲ್ವಾ" ಅನ್ನುವ ವಾದವನ್ನು ನಾನು ಒಪ್ಪಲ್ಲ. ಬ್ರಿಟನ್ನಿನ ಕಲಾ ಶಿಕ್ಷಣತಜ್ಞ ಕ್ರಿಸ್ಟೋಫರ್ ಫ್ರೇಲಿಂಗ್ 1993ರಲ್ಲಿ ಕಲೆಯ ಮೂಲಕವೇ ನಡೆಯುವ ಸಂಶೋಧನೆ ಅಂತ ಒಂದು ಬಗೆಯನ್ನು ಗುರುತಿಸಿದರು. ನಮಗೆ ಡಾಕ್ಟರೇಟ್ ಸಿಗುವುದೇ ಆ ವಾದದ ಮೇಲೆ. ಪದವಿ ಬೇಕಾದಾಗ ಸಂಶೋಧನೆ, ಯಾರಾದರೂ ಪ್ರಶ್ನೆ ಕೇಳಿದಾಗ ಕಲೆ ಅಂದರೆ ಹೇಗೆ?

ಕಮಿಟಿಗೆ ಹೋಗಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಅವರು ನೋಡುವುದು ಶುರುವಿನ ಯೋಜನೆ, ನಾಟಕ ರಿಹರ್ಸಲ್‌ನಲ್ಲಿ ಬದಲಾಗುತ್ತಲೇ ಇರುತ್ತದೆ. ಸ್ಕ್ರಿಪ್ಟ್ ಮುಗಿದ ಮೇಲೆ ಮಾತು ಕೊಟ್ಟವರಿಗೆ ಅವರವರ ಭಾಗ ಓದಿ ಹೇಳಿ. ಎಲ್ಲಿ ಆಡುತ್ತೀರಿ, ಯಾರು ಬರಬಹುದು, ವಿಡಿಯೋ ಹೊರಗೆ ಹೋಗುತ್ತದಾ, ಎಲ್ಲ ತಿಳಿಸಿ. ಮೂವರ ಮಾತು ಸೇರಿಸಿ ಒಂದು ಪಾತ್ರ ಮಾಡಿದ್ದೇನೆ ಅಂತಲೂ ಬರೆದಿದ್ದೀರಿ. ಅದು ತಪ್ಪಲ್ಲ. ಆದರೆ ಯಾವ ಸಾಲು ಅವರದು, ಯಾವುದು ನೀವು ಬರೆದದ್ದು ಅಂತ ಥೀಸಿಸ್‌ನಲ್ಲಿ ಸ್ಪಷ್ಟವಾಗಿ ಹಾಕಿ, ಮೂಲ ರೆಕಾರ್ಡಿಂಗ್ ಅಳಿಸಬೇಡಿ.