"ಗಟ್ಟಿ ಕೀಲಿ ಹಾಕೋ ಸೆಂಟರ್ ಇದ್ರ ಹೇಳ್ರಿ ಡಾಕ್ಟ್ರ"

ಈ ತಿಂಗಳೂ ಕುಡತ ಬಿಡಸೋ ಸೆಂಟರ್ ಬಗ್ಗೆ ಅದ ಪ್ರಶ್ನಿ. ಊರ ಬ್ಯಾರೆ, ಹೆಸರ ಬ್ಯಾರೆ, ಆದ್ರ "ಸೆಂಟರ್‌ನಿಂದ ಓಡಿ ಬಂದಾನ, ಏನ್ ಮಾಡೂಣು" ಅನ್ನೋದು ಬದಲಾಗವಲ್ದು. ಹಂಗಾಗಿ ಒಂದ ಪತ್ರಕ್ಕ ಜಾಗಾ ಕೊಡ್ತೀನಿ, ಉಳದವ್ರು ಸಿಟ್ಟಾಗಬ್ಯಾಡ್ರಿ.

ಪ್ರಶ್ನಿ: ನಮ್ಮ ಮನಿಯವ್ರಿಗೆ 41 ವರ್ಷ. ಮೂರ ಸಲ ಕುಡತ ಬಿಡಸೋ ಸೆಂಟರ್‌ಗೆ ಹಾಕಿದ್ವಿ, ಮೂರೂ ಸಲ ಹತ್ತ-ಹನ್ನೆರಡ ದಿನಕ್ಕ ಓಡಿ ಬಂದಾರ. ಗಟ್ಟಿ ಕೀಲಿ ಹಾಕೋ ಸೆಂಟರ್ ಇದ್ರ ಹೇಳ್ರಿ. ಸಣ್ಣವ್ರಿದ್ದಾಗ ಅವರಪ್ಪ ಭಾಳ ಹೊಡೀತಿದ್ರಂತ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡ್ರಿ. (ಜಮಖಂಡಿ ತಾಲೂಕಿನ ಓದುಗಾರ್ತಿ)

ಉತ್ತರ: ಅಕ್ಕಾರ, ನೀವು "ಬಿಡ್ರಿ" ಅಂತ ಬಿಟ್ಟದ್ದನ್ನ ನಾನು ಹಿಡ್ಕೊಂತೀನಿ. ಕೈ ನಡುಗೋದು, ಫಿಟ್ಸ್, ಇಲ್ಲದ್ದೆಲ್ಲಾ ಕಾಣೋದು, ಇವೆಲ್ಲಾ ಶೆರೆ ಬಿಟ್ಟ ಮೊದಲ ನಾಕೈದು ದಿನದ್ದು, ಬಹಳಂದ್ರ ವಾರ. ಅದನ್ನ ದಾಟಿ, ಊಟ ಹೋಗಾಕ ಹತ್ತಿದ ಮ್ಯಾಲ ಹತ್ತನೇ ದಿನ ಯಾಕ ಓಡ್ತಾರ? ಇಪ್ಪತ್ತ ವರ್ಷ ಕ್ವಾರ್ಟರ್ ಹಾಕ್ಕೊಂಡ ಮಲಗಿದವ್ರಿಗೆ ಶೆರೆ ಕನಸನ್ನೂ ಒತ್ತಿ ಇಟ್ಟಿರ್ತೈತಿ, ಬಿಟ್ಟ ಕೂಡ್ಲೆ ಅವು ಒಮ್ಮೆಲೆ ನುಗ್ಗಿ ಬರ್ತಾವ, ಅಪ್ಪನ ಬಾರಕೋಲ ಸಮೇತ. ಅದರಾಗ ಸೆಂಟರ್ ಹೆಂಗಿರ್ತೈತಿ? ಬಾಗ್ಲಿಗೆ ಕೀಲಿ, ಒದರೋ ವಾರ್ಡನ್, ಎಲ್ಲಾರ ಮುಂದ ನಿಂತ ತಪ್ಪ ಒಪ್ಕೊ ಅನ್ನೋದು, ಕೆಲವ ಕಡೆ ಹೊಡತ. ಸಣ್ಣಂದಿನ ಮನೀನ ಮತ್ತ ಕಟ್ಟಿ ಕೊಟ್ಟಂಗ. ಅವಾಗ ಓಡೇ ಪಾರಾಗಿದ್ರು, ಇಲ್ಲೂ ಓಡ್ತಾರ, ನೀವ್ ನೋಡಿದ್ರ ಇನ್ನೂ ಗಟ್ಟಿ ಕೀಲಿ ಕೇಳ್ತೀರಿ!

ನನ್ನ ಒಬ್ಬ ಪೇಷಂಟ್, ಗುರುತ ಸಿಗದಂಗ ಹೇಳ್ತೀನಿ, ಚಪ್ಲಿ ಹಾಕ್ಕೊಂಡ ಮಲಗ್ತಿದ್ದ. ನರ್ಸ್ ದಿನಾ ಬೈತಿದ್ರು. ಲೈಟ್ ಆರಿಸಿ ಹೊರಗಿಂದ ಚಿಲಕ ಹಾಕಿದ ಸಪ್ಪಳಕ್ಕ ಎದ್ದ ಕುಂದರ್ತಿದ್ದ, ಹನ್ನೊಂದನೇ ದಿನ ಕಂಪೌಂಡ್ ಜಿಗದ ಹೋದ. ಮುಂದ ಆರ ತಿಂಗಳಿಗೆ ಮತ್ತ ಬಂದಾಗ ಚಹಾದ ಬಸಿ ನೋಡ್ಕೋಂತ ಹೇಳಿದ, ಸಣ್ಣಂದಾಗ ಹಾಸ್ಟೆಲ್‌ನ್ಯಾಗ ಚಿಲಕ ಬಿದ್ದ ಮ್ಯಾಲ ಒಬ್ಬ ದೊಡ್ಡ ಹುಡುಗ ಬರ್ತಿದ್ದ ಅಂತ. ಅಷ್ಟ. ಮೊದಲ ಸಲ ನಾನೂ ಕೇಳಿರಲಿಲ್ಲ, ತಪ್ಪ ನಂದೂ ಐತಿ. ಈ ಸಲ ಬಾಗ್ಲ ಬಾಜೂಕ ಕಾಟ್ ಕೊಟ್ವಿ, ಸಣ್ಣ ಲೈಟ್ ಹಚ್ಚೇ ಇಟ್ವಿ, ಚಪ್ಲಿ ಸುದ್ದಿ ಯಾರೂ ತೆಗೀಲಿಲ್ಲ. ಪೂರಾ ಮುಗಿಸಿ ಹೋದ.

ಗಂಡಸ್ರು ಇದನ್ನ ಬಾಯಿ ಬಿಟ್ಟ ಹೇಳಂಗಿಲ್ಲ, "ಊಟ ಸರಿ ಇಲ್ಲ", "ಕಬ್ಬ ಕಡಸೋದೈತಿ" ಅಂತಾರ. 2007ರ ಕೇಂದ್ರ ಸರ್ಕಾರದ ಅಧ್ಯಯನದಾಗ ಲೈಂಗಿಕ ದೌರ್ಜನ್ಯ ಆಗೇತಿ ಅಂದ ಮಕ್ಕಳೊಳಗ ಅರ್ಧಕ್ಕಿಂತ ಹೆಚ್ಚು ಗಂಡಹುಡುಗ್ರು. ಹಂಗಂತ ಓಡೋರೆಲ್ಲಾ ಇದಕ್ಕ ಓಡ್ತಾರ ಅಂತಲ್ಲ, ಪಗಾರ ಹೋಗ್ತೈತಿ ಅಂತ ಓಡೋರದಾರ, ಬರೇ ಶೆರೆ ಎಳದ ಓಡೋರೂ ಅದಾರ. ಕೇಳದ ಗೊತ್ತಾಗಂಗಿಲ್ಲ.

ಅದಕ್ಕ ನಾಕನೇ ಸಲ ಹಾಕೋ ಮೊದಲ ಮನೋವೈದ್ಯರಿಗೆ ಈ ಹೊಡತದ ಮಾತ ತಿಳಸ್ರಿ, ನಿಮ್ಮ ಮನಿಯವ್ರನ್ನ ಕೇಳೇ ತಿಳಸ್ರಿ. ಮೊದಲ ವಾರದಾಗ ಗ್ರೂಪ್‌ನ್ಯಾಗ ಕುಂದರ್ಸಿ ಕೆದಕೋ ಸೆಂಟರ್ ಇದ್ರ ಬ್ಯಾಡ. "ಮೊದಲ ವರ್ಷ ಕುಡಿಯೋದ ಬಿಡ್ಲಿ, ಆಮ್ಯಾಲ ಮನಸಿನ ನೋವ ನೋಡೂಣು" ಅನ್ನೋದು ಹಳೇ ಕಾಲದ ಮಾತ, ಎರಡಕ್ಕೂ ಕೂಡೇ ಚಿಕಿತ್ಸೆ ಆಗಬೇಕ. ಸರಪಳಿ ಹಾಕೋ ಜಾಗಾ ಇದ್ರ ಹೊರಗ ಬರ್ರಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನ ನಿಷೇಧ ಮಾಡೇತಿ. ಧಾರವಾಡದ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆಸ್ಪತ್ರಿ) ದೂರಿಲ್ಲ, ಫೋನ್‌ದಾಗ ಕೇಳೋದಿದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಮತ್ತ ಓಡಿ ಬಂದ್ರ ಮೊದಲ ಊಟಕ್ಕ ಹಾಕಿ, "ಅಲ್ಲಿ ರಾತ್ರಿ ಹೆಂಗಿರ್ತಿತ್ತು" ಅಂತ ಒಂದ ಮಾತ ಕೇಳ್ರಿ. ಆದ್ರ ನಿಮ್ಮ ಮ್ಯಾಲ ಕೈ ಎತ್ತಿದ್ರ ಅಪ್ಪನ ಕಥಿ ನೆವ ಆಗಂಗಿಲ್ಲ, ಹುಡುಗ್ರನ್ನ ಕರ್ಕೊಂಡ ಹೊರಗ ಬರ್ರಿ.

ಪ್ರಶ್ನಿ: ಗೊತ್ತಾಗಲಾರದಂಗ ಚಹಾದಾಗ ಕುಡತ ಬಿಡಸೋ ಗುಳಿಗಿ ಹಾಕಬಹುದಾ?
ಉತ್ತರ: ಬ್ಯಾಡ. ಅದು ಡೈಸಲ್ಫಿರಾಂ ಅನ್ನೋ ಗುಳಿಗಿ ಇದ್ರ, ಅದರ ಮ್ಯಾಲ ಶೆರೆ ಕುಡದ್ರ ಬಿಪಿ ಇಳದ ಜೀವಾನ ಹೋಗಬಹುದು. ಮಾರಿದಂವ ಡಾಕ್ಟರ್ ಅಲ್ಲ.

ಪ್ರಶ್ನಿ: ಅಮಾಸಿ ದಿನ ಔಷಧ ಒಂದ ಡೋಸ್ ಕುಡಸ್ತಾರಂತ, ಜಲ್ಮಕ್ಕ ಶೆರೆ ಮುಟ್ಟಂಗಿಲ್ಲಂತ?
ಉತ್ತರ: ಮುಂದಿನ ಅಮಾಸಿಗೆ ಯಾರ‍್ಯಾರ ಮತ್ತ ಬಂದಾರ ಎಣಿಸಿ ನೋಡ್ರಿ.

ಪ್ರಶ್ನಿ: ಗಂಡಸ್ಮಗಗ ಎಂಥಾ ಟ್ರಾಮಾ (ಮನಸಿನ ಗಾಯ) ರೀ? ನಮ್ಮಪ್ಪನೂ ಹೊಡದಾನ, ನಾ ಏನ್ ಕುಡ್ಯಂಗಿಲ್ಲ.
ಉತ್ತರ: ಚೊಲೋ ಆತು. ರಾತ್ರಿ ನಿದ್ದಿ ಹೆಂಗೈತ್ರಿ?